ಅತ್ತೆಯ ಹೆಸರಿಗೊಂದು ಸಾಲು

ದೇವಸುಗೂರಿನಲ್ಲಿ 'ಸೂಗಪ್ಪಾ' ಎಂದು ಕೂಗಿದರೆ ಒಬ್ಬರೇ ತಿರುಗಿ ನೋಡುವುದಿಲ್ಲ. ಸೂಗೂರೇಶ್ವರನ ಹೆಸರು ಮನೆಮನೆಯಲ್ಲಿದೆ: ಸೂಗಪ್ಪ, ಸೂಗಮ್ಮ, ಸೂಗೂರಯ್ಯ. ಡೇಟಾಬೇಸ್ ಕಲಿಯಲು ಕೂತಾಗ ನಾನು ಮೊದಲು ಎಡವಿದ್ದು ಇಲ್ಲೇ. ಹೆಸರನ್ನೇ ಪ್ರೈಮರಿ ಕೀ, ಅಂದರೆ ಒಂದು ಸಾಲಿನದು ಇನ್ನೊಂದಕ್ಕೆ ಬರಬಾರದ ಗುರುತು, ಮಾಡಿದ್ದೆ. ಎರಡನೆಯ ಸೂಗಪ್ಪನನ್ನು ಟೇಬಲ್ ಒಳಗೇ ಬಿಟ್ಟುಕೊಳ್ಳಲಿಲ್ಲ. ಪಹಣಿ ಬರೆದ ಹಿರಿಯರಿಗೆ ಈ ತೊಡಕು ಮೊದಲೇ ಗೊತ್ತಿತ್ತು. ಅದಕ್ಕೇ ನಮ್ಮ ಕಡೆ 'ಸೂಗಪ್ಪ ತಂದೆ ಭೀಮಣ್ಣ' ಎಂದು ಬರೆಯುತ್ತಾರೆ. ಮೈಸೂರು ಸೀಮೆಯಲ್ಲಾದರೆ ನಡುವೆ 'ಬಿನ್' ಬರುತ್ತದೆ.

ಅಭ್ಯಾಸಕ್ಕೆ ಮನೆಯ ಪಹಣಿಗಳನ್ನೇ ತೆಗೆದುಕೊಂಡೆ. ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು 'ಭೂಮಿ' ಯೋಜನೆ ಎರಡು ದಶಕದ ಹಿಂದೆಯೇ ಕಂಪ್ಯೂಟರಿಗೆ ಏರಿಸಿದೆ, ನಮ್ಮವು ಎರಡು ಹಾಳೆ ಏನು ಮಹಾ ಅನ್ನಿಸಿತ್ತು. 4 ಎಕರೆ 12 ಗುಂಟೆಯನ್ನು 4.12 ಎಂದೂ, 3 ಎಕರೆ 30 ಗುಂಟೆಯನ್ನು 3.30 ಎಂದೂ ತುಂಬಿ ಕೂಡಿಸಿದೆ. 7.42 ಬಂತು. ಅಪ್ಪ ಇಣುಕಿ ನೋಡಿ, "ನಲವತ್ತು ಗುಂಟಿಗೆ ಒಂದೆಕರಿ ಅಲ್ಲೇನೋ? ಎಂಟೆಕರಿ ಎರಡು ಗುಂಟಿ ಆಗ್ತದ" ಅಂದರು. ಎಲ್ಲವನ್ನೂ ಗುಂಟೆಗೆ ಇಳಿಸಿದೆ: 172, 150, ಒಟ್ಟು 322. ಈಗ ಲೆಕ್ಕ ಹೊಂದಿತು.

ಇದಕ್ಕಿಂತ ದೊಡ್ಡ ತಪ್ಪು ಒಂದಿತ್ತು, ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಅಜ್ಜ ತೀರಿಹೋದರೂ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿಲ್ಲ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಆದರೂ ಜಮೀನಿನ ಟೇಬಲ್‌ನಲ್ಲಿ 'ಮಾಲೀಕ1' ಎಂಬ ಕಾಲಂಗೆ ಅಪ್ಪನನ್ನೂ, 'ಮಾಲೀಕ2'ಕ್ಕೆ ಚಿಕ್ಕಪ್ಪನನ್ನೂ ಹಾಕಿದ್ದೆ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ, ಕೈ ತಾನಾಗಿಯೇ ಬರೆದಿತ್ತು. ಜಾತ್ರೆಗೆ ತವರಿಗೆ ಬಂದಿದ್ದ ಅತ್ತೆ ಪಕ್ಕದಲ್ಲಿ ಕೂತು ನೋಡುತ್ತಿದ್ದವರು, "ನನ್ ಹೆಸರು ಎಲ್ಲಿ ಅದಪ್ಪಾ?" ಎಂದು ಕೇಳಿದರು. ಕೋಪವೇನೂ ಇರಲಿಲ್ಲ, ಸುಮ್ಮನೆ ಕೇಳಿದರು. ನನಗೆ ಮಾತು ಹೊರಡಲಿಲ್ಲ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದೆ. ನಾನು ಗೆರೆ ಎಳೆದ ಟೇಬಲ್‌ನಲ್ಲಿ ಮಗಳು ಕೂರಲು ಜಾಗವೇ ಇರಲಿಲ್ಲ.

'ಮಾಲೀಕ3' ಸೇರಿಸಿಬಿಡಬಹುದಿತ್ತು. ಮುಂದೆ ನಾಲ್ಕನೆಯವರು ಬಂದು ಕೇಳಿದರೆ? ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ ಮಾದರಿಯಲ್ಲಿ ಸಂಬಂಧವನ್ನೂ ಟೇಬಲ್ ಆಗಿಯೇ ಬರೆದಿಡುತ್ತಾರೆ. ಅದನ್ನು ಪಾಠದಲ್ಲಿ ಓದಿದ್ದೆ, ಅರ್ಥವಾದದ್ದು ಅವತ್ತು. ಜನರದ್ದು ಒಂದು ಟೇಬಲ್, ಜಮೀನಿನದು ಒಂದು, ಯಾರಿಗೆ ಯಾವ ಹೊಲದಲ್ಲಿ ಹಕ್ಕು ಎಂಬುದಕ್ಕೇ ಮೂರನೆಯದು. ಮೂರನ್ನೂ ಜಾಯಿನ್ ಮಾಡಿ ಕ್ವೆರಿ ಓಡಿಸಿದೆ. ಪ್ರತಿ ಸರ್ವೆ ನಂಬರಿಗೂ ಮೂರು ಸಾಲು ಬಂದವು. ಅತ್ತೆ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿಕೊಂಡರು.

'ಪಾಲು' ಕಾಲಂ ಉಳಿಯಿತು. ಅಲ್ಲಿ ಸೊನ್ನೆ ಹಾಕಿದರೆ ಪಾಲಿಲ್ಲ ಎಂದಾಗುತ್ತದೆ. ಆದರೆ ವಾಟ್ನಿ, ಅಂದರೆ ಆಸ್ತಿ ಹಂಚಿಕೆ, ಇನ್ನೂ ಆಗಿಲ್ಲ. ಹಾಗಾಗಿ ಅಪ್ಪನ ಮುಂದೆ, ಚಿಕ್ಕಪ್ಪನ ಮುಂದೆ, ಅತ್ತೆಯ ಮುಂದೆ, ಮೂವರಿಗೂ ನಲ್ (NULL), ಅಂದರೆ 'ಇನ್ನೂ ಗೊತ್ತಿಲ್ಲ', ಎಂದೇ ಬಿಟ್ಟಿದ್ದೇನೆ.