ಭೋಗವೋ ಉಪಭೋಗವೋ? : ಪ್ಲಾಸ್ಟಿಕ್ ಬಾಟಲಿಯ ವಿಚಾರ
ಶ್ರಾವಕನ ಮೂರು ಗುಣವ್ರತಗಳಲ್ಲಿ ಭೋಗೋಪಭೋಗ ಪರಿಮಾಣವೂ ಒಂದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರೂಪಿಸಿದ್ದಾರೆ. ಒಮ್ಮೆ ಅನುಭವಿಸಿ ಬಿಡತಕ್ಕದ್ದು ಭೋಗ. ಮತ್ತೆ ಮತ್ತೆ ಅನುಭವಿಸತಕ್ಕದ್ದು ಉಪಭೋಗ. ಆಹಾರವು ಮೊದಲನೆಯದಕ್ಕೂ ವಸ್ತ್ರವು ಎರಡನೆಯದಕ್ಕೂ ನಿದರ್ಶನ. ಈ ಕ್ರಮದಂತೆ ನೀರು ಭೋಗ. ಅದನ್ನು ಹಿಡಿದಿಡುವ ತಂಬಿಗೆ ಉಪಭೋಗ.

ಅಮೆರಿಕದ ನಥಾನಿಯೆಲ್ ವೈಯತ್ ಅವರ ಪ್ರಯತ್ನದಿಂದ ರೂಪುಗೊಂಡ ಪೆಟ್ ಬಾಟಲಿಗೆ 1973ರಲ್ಲಿ ಪೇಟೆಂಟ್ ದೊರೆಯಿತು. ಅದು ಹಗುರ, ಬಿದ್ದರೆ ಒಡೆಯದು. ಆದರೆ ಅದರೊಡನೆ ಪಾತ್ರೆಯೇ ಭೋಗವಸ್ತುವಾಯಿತು. ನೀರು ಕುಡಿಯಲು ಕೆಲವು ನಿಮಿಷ ಸಾಕು. ಬಿಸುಟ ಬಾಟಲಿ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮಣ್ಣಿನಲ್ಲಿ ಕರಗದೆ ಉಳಿಯುತ್ತದೆ.

“ಮರುಬಳಕೆಗೆ ಕೊಟ್ಟರೆ ದೋಷವೆಲ್ಲಿ?” ಎಂದು ಕೆಲವರು ಕೇಳುವುದುಂಟು. ಪ್ರಶ್ನೆ ಉಪೇಕ್ಷಣೀಯವಲ್ಲ. ಆಯ್ದ ಬಾಟಲಿಗಳನ್ನು ಚೂರುಮಾಡಿ ನೀರಿಗೆ ಹಾಕಿದರೆ ಪೆಟ್ ಮುಳುಗುತ್ತದೆ, ಮುಚ್ಚಳದ ಪ್ಲಾಸ್ಟಿಕ್ ತೇಲುತ್ತದೆ. ಹೀಗೆ ಬೇರ್ಪಡಿಸಿ, ತೊಳೆದು, ಒಣಗಿಸಿ, ಕರಗಿಸುತ್ತಾರೆ. ತೇವ ಉಳಿದಿದ್ದರೆ ಕರಗುವಾಗ ಅದರ ಅಣುಸರಣಿಗಳು ತುಂಡಾಗಿ ಗುಣ ಕುಂದುತ್ತದೆ. ಆದುದರಿಂದ ಬಹಳಷ್ಟು ಬಾಟಲಿಗಳು ಮತ್ತೆ ಬಾಟಲಿಯಾಗದೆ ಪಾಲಿಯೆಸ್ಟರ್ ನೂಲಾಗುತ್ತವೆ. ಆ ಬಟ್ಟೆ ಹರಿದ ಮೇಲೆ ಪುನಃ ನೂಲಾಗುವುದು ವಿರಳ. 2015ರವರೆಗೆ ಜಗತ್ತಿನಲ್ಲಿ ಉಂಟಾದ ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ಮರುಬಳಕೆಯಾದದ್ದು ಶೇಕಡಾ 9ರಷ್ಟು ಮಾತ್ರವೆಂದು 2017ರ ಅಧ್ಯಯನವೊಂದು ಅಂದಾಜು ಮಾಡಿತು.

ಮರುಬಳಕೆಯು ನಿರ್ಜರೆಗೆ ಸಮಾನ, ಕೊಳ್ಳದಿರುವುದು ಸಂವರಕ್ಕೆ ಸಮಾನ. ದೋಣಿಯ ರಂಧ್ರವನ್ನು ಮುಚ್ಚದೆ ಒಳಬಂದ ನೀರನ್ನಷ್ಟೇ ಮೊಗೆದು ಚೆಲ್ಲುವವನು ದಡ ಸೇರುವನೇ? ಮೊಗೆಯುವುದು ವ್ಯರ್ಥವೆಂದಲ್ಲ; ಮೊದಲು ರಂಧ್ರ ಮುಚ್ಚಬೇಕು. ಸರಕಾರವೂ ತಯಾರಕರ ಮೇಲೆ ಹೊಣೆ ಹೊರಿಸಿದೆ: ಬಾಟಲಿಯಂಥ ಗಟ್ಟಿ ಪ್ಲಾಸ್ಟಿಕ್ ಹೊದಿಕೆಗಳಲ್ಲಿ ಮರುಬಳಕೆಯ ಅಂಶ 2025–26ರಲ್ಲಿ ಶೇಕಡಾ 30 ಇದ್ದು, 2028–29ರ ವೇಳೆಗೆ 60ಕ್ಕೇರಬೇಕೆಂದು 2022ರ ನಿಯಮಗಳು ಗುರಿಯಿಟ್ಟವು. ಆದರೆ ತಯಾರಕನ ಹೊಣೆಯಿಂದ ಕೊಳ್ಳುವವನ ವಿವೇಕಕ್ಕೆ ಬಿಡುವಿಲ್ಲ.

ಹಾಗೆಂದು ಬಾಟಲಿಯನ್ನು ಮುಟ್ಟಿದವನೆಲ್ಲ ಪಾಪಿಯಲ್ಲ. ನೆರೆಯಲ್ಲಿ ಸಿಲುಕಿದವರಿಗೆ, ದೂರಪ್ರಯಾಣದ ರೋಗಿಗೆ ಅದು ಪ್ರಾಣಾಧಾರ. ಪ್ರಯೋಜನವಿರುವ ಕಾರ್ಯ ಬೇರೆ, ನಿಷ್ಪ್ರಯೋಜನವಾದ ಅನರ್ಥದಂಡ ಬೇರೆ. ಕೊಡದಲ್ಲಿ ಗಾಳಿಸಿದ ನೀರಿರುವಾಗಲೂ ಪಾರಣೆಯ ಪಂಕ್ತಿಯಲ್ಲಿ ಎಲೆಗೊಂದು ಬಾಟಲಿ ಇಡುವುದು ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ವಾಚಕರೇ ನಿರ್ಣಯಿಸಲಿ. ಸಿಹಿಪಾನೀಯದ ಶೇಷವಿರುವ ಬಾಟಲಿಗೆ ಇಳಿದ ಇರುವೆಗಳು ಅಲ್ಲಿಯೇ ಸಾಯುತ್ತವೆ. ಕಸದ ರಾಶಿಯಿಂದ ಅದನ್ನು ಆಯುವ ಕೈಗಳು ಗಾಜಿನ ಚೂರಿಗೆ ಸಿಕ್ಕಿ ಗಾಯಗೊಳ್ಳುತ್ತವೆ. ಈ ಹಿಂಸೆ ನಮ್ಮ ಕಣ್ಣಿಗೆ ಬೀಳದಿರುವುದರಿಂದ ಇಲ್ಲವಾಗದು.

ಕಾಲಮಿತಿಯುಳ್ಳದ್ದು ನಿಯಮ, ಆಜೀವವಾದದ್ದು ಯಮ. ಆಜೀವ ತ್ಯಾಗ ಕಠಿಣವೆನಿಸಿದವರು ಮುಂದಿನ ದಶಲಕ್ಷಣ ಪರ್ವದ ಹತ್ತು ದಿನಗಳಿಗಾದರೂ ನಿಯಮ ಹಿಡಿಯಬಹುದು: ಅನಿವಾರ್ಯವಲ್ಲದೆ ನೀರಿನ ಬಾಟಲಿ ಕೊಳ್ಳುವುದಿಲ್ಲ, ಕೊಂಡದ್ದನ್ನು ಬರಿದುಮಾಡಿ, ತೊಳೆದು, ಬೇರೆಯಾಗಿಯೇ ಕೊಡುತ್ತೇನೆ. ಉಪವಾಸವು ನಾಲಗೆಗೆ ಕಲಿಸುವ ಮಿತಿಯನ್ನು ಈ ನಿಯಮವು ಕೈಗೂ ಕಲಿಸುತ್ತದೆ.