ಆರಡಿ ಜಾಗದ ಆತಿಥ್ಯ

ಮನುಷ್ಯನಿಗೆ ಕೊನೆಗೆ ಬೇಕಾದದ್ದು ಆರಡಿ ಮೂರಡಿ ಜಾಗ ಎಂದು ಹಿರಿಯರು ಹೇಳುತ್ತಿದ್ದುದು ಸಾವನ್ನು ನೆನಪಿಸಲಿಕ್ಕೆ. ಈಗ ಹೆಚ್ಚುಕಡಿಮೆ ಅಷ್ಟೇ ಜಾಗವನ್ನು ಬದುಕಿರುವವರಿಗೆ ರಾತ್ರಿಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲಾಗುತ್ತಿದೆ. ಇವಕ್ಕೆ ಕ್ಯಾಪ್ಸೂಲ್ ಹೋಟೆಲು, ಪಾಡ್ ಹೋಟೆಲು ಎಂದು ಹೆಸರು. ವಾಸ್ತುಶಿಲ್ಪಿ ಕಿಶೋ ಕುರೊಕಾವಾ ವಿನ್ಯಾಸಗೊಳಿಸಿದ ಇಂಥ ಮೊದಲ ಹೋಟೆಲು 1979ರಲ್ಲಿ ಜಪಾನಿನ ಒಸಾಕಾದಲ್ಲಿ ಆರಂಭವಾಯಿತು. ನಮ್ಮಲ್ಲಿ 2021ರ ನವೆಂಬರಿನಲ್ಲಿ ಮುಂಬೈ ಸೆಂಟ್ರಲ್ ರೈಲು ನಿಲ್ದಾಣದಲ್ಲಿ 48 ಪಾಡ್‌ಗಳ ಹೋಟೆಲು ತೆರೆಯಿತು. ಆಗಿನ ಆರಂಭದ ದರ 12 ಗಂಟೆಗೆ 999 ರೂಪಾಯಿ. ಒಂದರ ಮೇಲೊಂದು ಜೋಡಿಸಿದ ಗೂಡುಗಳು. ಒಳಗೆ ಹಾಸಿಗೆ, ದೀಪ, ಮೊಬೈಲ್ ಚಾರ್ಜ್ ಮಾಡಲು ಪ್ಲಗ್ಗು.

ಇದು ಆತಿಥ್ಯವೇ? ಮನುಷ್ಯನನ್ನು ಸಾಮಾನಿನಂತೆ ಕಪಾಟಿನಲ್ಲಿಡುವುದು ಅವನ ಘನತೆಗೆ ಕುಂದಲ್ಲವೇ?

ಧಾರವಾಡ ತಾಲೂಕಿನ ಗರಗದಂಥ ಊರಿನಿಂದ ನೋಡಿದರೆ ಈ ಪ್ರಶ್ನೆ ಸಹಜ. ಮಡಿವಾಳಜ್ಜನ ಮಠವಿರುವ, ರಾಷ್ಟ್ರಧ್ವಜದ ಖಾದಿ ಬಟ್ಟೆಗೆ ಹೆಸರಾದ ಈ ಸೀಮೆಯಲ್ಲಿ ಬೀಗರು ಬಂದರೆ ಪಡಸಾಲೆಯಲ್ಲಿ ಕೌದಿ ಹಾಸುತ್ತಾರೆ. ಜಾಗ ಸಾಲದಿದ್ದರೆ ಮನೆಯವರೇ ಕಟ್ಟೆಗೆ ಹೋಗಿ ಮಲಗುತ್ತಾರೆ. ದುಡ್ಡಿನ ಮಾತೇ ಇಲ್ಲ.

ಆದರೆ ಪಡಸಾಲೆಗೂ ಒಂದು ಹೊಸ್ತಿಲಿದೆ. 'ಯಾವೂರು, ಯಾರ ಪೈಕಿ?' ಎಂಬ ಪ್ರಶ್ನೆ ದಾಟಿದವರಿಗೇ ಅದರ ಬೆಚ್ಚನೆಯ ಕೌದಿ. ಹಳೆಯ ಛತ್ರ, ಧರ್ಮಶಾಲೆಗಳಲ್ಲಿ ಅನೇಕವು ಒಂದೊಂದು ಜಾತಿಗೆ ಮೀಸಲಾಗಿದ್ದವು. 16ನೆಯ ಶತಮಾನದಲ್ಲಿ ಶೇರ್ ಶಹಾ ಕಟ್ಟಿಸಿದ ಸರಾಯಿಗಳಲ್ಲೂ ಹಿಂದೂಗಳಿಗೆ, ಮುಸ್ಲಿಮರಿಗೆ ಬೇರೆ ಬೇರೆ ವ್ಯವಸ್ಥೆಯಿತ್ತು. ಇಂದಿಗೂ ಹೆಸರು ಕೇಳಿದ ಕೂಡಲೇ 'ರೂಮು ಖಾಲಿಯಿಲ್ಲ' ಎನ್ನಿಸಿಕೊಳ್ಳುವವರು ನಮ್ಮ ನಡುವೆ ಇದ್ದಾರೆ. ಒಂಟಿ ಮಹಿಳೆಗಂತೂ ನೂರು ವಿಚಾರಣೆ. ಇಕ್ಕಟ್ಟು ಮೈಯನ್ನು ನೋಯಿಸುತ್ತದೆ. ನಿರಾಕರಣೆ ಮನುಷ್ಯನನ್ನೇ ಅವಮಾನಿಸುತ್ತದೆ. ಎಲ್ಲರಿಗೂ ಒಂದೇ ಅಳತೆಯ ಹಾಸಿಗೆ ಕೊಟ್ಟು, ಮಹಿಳೆಯರಿಗೆ ಪ್ರತ್ಯೇಕ ವಿಭಾಗವಿಟ್ಟು, ಗುರುತಿನ ಚೀಟಿಯಾಚೆಗೆ ಏನನ್ನೂ ಕೆದಕದ ಗೂಡಿನಲ್ಲಿ ಒಂದು ಬಗೆಯ ಗೌರವವಿದೆ. ಇದನ್ನು ಒಪ್ಪಿಕೊಳ್ಳಬೇಕು.

ಹಾಗೆಂದು ಗೂಡನ್ನು ಹಾಡಿಹೊಗಳಬೇಕಿಲ್ಲ. ಎರಡು ರೈಲುಗಳ ನಡುವೆ ಒಂದು ರಾತ್ರಿ ತಾನಾಗಿ ಆರಿಸಿಕೊಂಡ ಇಕ್ಕಟ್ಟು ಬೇರೆ, ಬೇರೆ ದಾರಿಯಿಲ್ಲದೆ ಬಂದ ಇಕ್ಕಟ್ಟು ಬೇರೆ. 2008ರ ಆರ್ಥಿಕ ಹಿಂಜರಿತದ ನಂತರ ಜಪಾನಿನಲ್ಲಿ ಕೆಲಸ ಕಳೆದುಕೊಂಡ ಕೆಲವರು ತಿಂಗಳುಗಟ್ಟಲೆ ಇಂಥ ಗೂಡುಗಳಲ್ಲೇ ವಾಸಿಸಿದರು. ಒಂದು ರಾತ್ರಿಗೆ ಸಾಕಾದದ್ದನ್ನು ಒಂದು ಬದುಕಿಗೂ ಸಾಕು ಎಂದು ಸಮಾಜ ತೀರ್ಮಾನಿಸಿದರೆ ಅದು ಅನ್ಯಾಯ.

ಇನ್ನೊಂದು ಮಾತು. ಪಾಡ್ ಜಾತಿ ಕೇಳುವುದಿಲ್ಲ, ಆದರೆ ದುಡ್ಡು ಕೇಳುತ್ತದೆ. ರೋಗಿಯನ್ನು ಕರೆದುಕೊಂಡು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದ ಬಡ ರೈತ ದೊಡ್ಡಾಸ್ಪತ್ರೆಯ ವರಾಂಡದಲ್ಲಿ ಚೀಲವನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಾನೆ. ದಿನಕ್ಕೆ ಸಾವಿರ ರೂಪಾಯಿ ಅವನಿಗೆ ಔಷಧದ ದುಡ್ಡು. ಕುರ್‌ಆನ್ ಝಕಾತಿನ ಎಂಟು ಬಗೆಯ ಹಕ್ಕುದಾರರಲ್ಲಿ ದಾರಿಹೋಕನನ್ನೂ ಸೇರಿಸಿದೆ. ಅಂದರೆ ಪರವೂರಿನಲ್ಲಿ ಕೈಸೋತವನಿಗೆ ನೆರವಾಗುವುದು ನಮ್ಮ ಔದಾರ್ಯವಲ್ಲ, ಅವನ ಹಕ್ಕು.

ಆ ಹಕ್ಕನ್ನು ಸಲ್ಲಿಸಲು ಅರಮನೆ ಬೇಕಿಲ್ಲ. ಆಸ್ಪತ್ರೆಗಳ ಪಕ್ಕದಲ್ಲಿ ಶುಚಿಯಾದ ಹಾಸಿಗೆ, ಕುಡಿಯುವ ನೀರು, ಒಳಗಿನಿಂದ ಹಾಕಿಕೊಳ್ಳಬಹುದಾದ ಒಂದು ಚಿಲಕ ಸಾಕು. ಪಾಡ್‌ನಿಂದ ಅಳತೆಯನ್ನು ಕಲಿಯೋಣ, ಪಡಸಾಲೆಯಿಂದ ಮನಸ್ಸನ್ನು. 'ಯಾರ ಪೈಕಿ?' ಎಂಬ ಪ್ರಶ್ನೆಯನ್ನು ಮಾತ್ರ ಹೊಸ್ತಿಲ ಹೊರಗೇ ಬಿಡೋಣ.