ತಾರಷಡ್ಜ ಏರದಿರಲಿ

ಬಳ್ಳಾರಿ ಸೀಮೆಯಲ್ಲಿ ಮದುವೆ ಸುಗ್ಗಿ ಬರುವುದೇ ಕಡುಬೇಸಿಗೆಯಲ್ಲಿ. ಸಿರುಗುಪ್ಪದಲ್ಲೋ ಕುರುಗೋಡಿನಲ್ಲೋ ಬಿಸಿಲಲ್ಲಿ ಸಾಗುವ ಮೆರವಣಿಗೆಯಲ್ಲಿ ಸೊಪ್ರಾನೊ ಸ್ಯಾಕ್ಸಫೋನ್ ಹಿಡಿದ ಹುಡುಗನ ಪಾಡು ಸುಲಭದ್ದಲ್ಲ. ಮಧ್ಯಸ್ಥಾಯಿ ಸಲೀಸಾಗಿ ಬರುತ್ತದೆ, ತಾರಷಡ್ಜ, ಅಂದರೆ ಮೇಲಿನ ಸ, ಮುಟ್ಟುವಷ್ಟರಲ್ಲಿ ಶ್ರುತಿ ಏರಿಬಿಟ್ಟಿರುತ್ತದೆ.

ಹವೆಯೂ ಇದಕ್ಕೆ ಕಾರಣ. 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವ ಶಬ್ದ 40 ಡಿಗ್ರಿಯಲ್ಲಿ 355ರ ಹತ್ತಿರ ಹೋಗುತ್ತದೆ. ಕೊಳವೆಯೊಳಗಿನ ಗಾಳಿ ಕಾದಷ್ಟೂ ಸ್ವರ ಮೇಲಕ್ಕೆ. ಪಕ್ಕದ ಕೀಬೋರ್ಡ್ ಮಾತ್ರ ಇದ್ದಲ್ಲೇ ಇರುತ್ತದೆ. ಮೌತ್‌ಪೀಸನ್ನು ತುಸು ಹೊರಗೆಳೆದರೆ ಒಟ್ಟು ಶ್ರುತಿ ಇಳಿದೀತು. ಆದರೆ ಹೆಚ್ಚಿನ ತೊಂದರೆ ಇರುವುದು ತುಟಿಯಲ್ಲಿ. ಮೇಲಿನ ಸ್ವರ ಬರಲೆಂದು ದವಡೆ ಬಿಗಿದು ರೀಡನ್ನು ಕಚ್ಚುತ್ತಾರೆ. ಕ್ಲಾರಿಯೊನೆಟ್ ನುಡಿಸಿ ಬಂದವರಿಗೆ ಈ ಅಭ್ಯಾಸ ಇನ್ನೂ ಗಟ್ಟಿ. ಸೊಪ್ರಾನೊ ಚಿಕ್ಕ ವಾದ್ಯ, ಕೂದಲೆಳೆಯಷ್ಟು ಬಿಗಿದರೂ ಸ್ವರ ಕದಲುತ್ತದೆ. ಸ್ಥಾಯಿ ಏರಿಸಲು ಎಡ ಹೆಬ್ಬೆರಳಿನ ಬಳಿ ಆಕ್ಟೇವ್ ಕೀಲಿ ಇದೆಯಲ್ಲ! ಆ ಕೆಲಸ ತುಟಿಯದ್ದಲ್ಲ. ತುಟಿ ಸಡಿಲವಾಗಿರಬೇಕು, ಉಸಿರು ಹೊಟ್ಟೆಯಿಂದ ಒಂದೇ ಸಮ ಬರಬೇಕು.

ತುಟಿಯಷ್ಟೇ ಕಿವಿಯೂ ಮುಖ್ಯ ಎನ್ನಲು ಕದ್ರಿ ಗೋಪಾಲನಾಥರೇ ಉದಾಹರಣೆ. ಅವರು ನುಡಿಸಿದ್ದು ಆಲ್ಟೊ ಸ್ಯಾಕ್ಸಫೋನ್, ಸೊಪ್ರಾನೊಗಿಂತ ದೊಡ್ಡದು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ನಾಗಸ್ವರ ವಾದಕ ತನಿಯಪ್ಪನವರ ಮಗ ಅವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ಕೇಳಿ ಮನಸೋತರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯ ಗಮಕಕ್ಕೆಂದು ಹುಟ್ಟಿದ್ದಲ್ಲ. ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ಅವರು ವರ್ಷಗಟ್ಟಲೆ ದುಡಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು. ಆ ವಾದ್ಯದಲ್ಲಿ ಗಮಕ ನಿಂತದ್ದು ಕಿವಿಯ ಬಲದಿಂದ ಎಂದೇ ನನ್ನ ನಂಬಿಕೆ. ಗಮಕದಲ್ಲಿ ಸ್ವರವನ್ನು ಬೇಕೆಂದೇ ಕದಲಿಸಬೇಕು. ಸೇರಬೇಕಾದ ಜಾಗ ಕಿವಿಗೆ ಮೊದಲೇ ಗೊತ್ತಿರದಿದ್ದರೆ ಬೆರಳು, ತುಟಿ ಏನು ಮಾಡಿಯಾವು?

ಬ್ಯಾಂಡ್ ಮೇಸ್ತ್ರಿಗಳಲ್ಲಿ ಒಂದು ಕೋರಿಕೆ. ಹೊಸ ಸಿನಿಮಾ ಹಾಡು ಕಲಿಸುವ ಮುನ್ನ ಹುಡುಗರನ್ನು ಬೆಳಗಿನ ತಂಪಿನಲ್ಲಿ ಸ್ವಲ್ಪ ಹೊತ್ತು ಶ್ರುತಿಯ ಮುಂದೆ ಕೂರಿಸಿ. ತಾರಷಡ್ಜವನ್ನು ಮೊದಲು ಬಾಯಲ್ಲಿ ಹಾಡಲಿ, ಆಮೇಲೆ ಊದಿ ಉಸಿರಿರುವಷ್ಟು ಹೊತ್ತು ಅಲ್ಲೇ ನಿಲ್ಲಲಿ. ಶ್ರುತಿಪೆಟ್ಟಿಗೆ ಇಲ್ಲವೆಂದು ಬಿಡಬೇಕಿಲ್ಲ; ತಂಬೂರಿ ಆ್ಯಪ್ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ.